ಮಗ್ಗದ ಮೇಲಿನ ಕ್ಯಾಮೆರಾ ಮತ್ತು ಮೂವತ್ತೇಳು ಲಾಗಿನ್

ಜುಲೈ 9, ಬುಧವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ನಾರಾಯಣಪೇಟೆಯ ನಮ್ಮ ಅಂಗಡಿಯ ಶಟರ್ ಎತ್ತಿ ಐದು ನಿಮಿಷವೂ ಆಗಿರಲಿಲ್ಲ, ಗದ್ವಾಲದ ಸೀರೆ ಸಾವಕಾರರ ಫೋನು ಬಂತು.

"ಅಮ್ಮಾ, ಇವತ್ತೇ ಬರಬೇಕು ನೀನು. ಕ್ಯಾಮೆರಾದಾಗ ಎಷ್ಟು ದಿನದ್ದು ಹಳೇದು ಸಿಗತೈತಿ?"

"ಯಾವ ಮನಿದ್ರಿ?"

"ಮಗ್ಗದ ಮನಿದು."

"ಅಲ್ಲಿ ಹದಿನೆಂಟು ದಿನದ್ದು ಇರತೈತ್ರಿ. ಯಾಕ್ರಿ?"

"ಕಳ್ಳರನ್ನ ಹಿಡೀಬೇಕಾಗೇತಿ."

ನಾನು ಕ್ಯಾಮೆರಾ ಕೂಡಿಸುವ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಏಣಿ ಹತ್ತಿ ಗೋಡೆ ಕೊರೆಯುವವರು ಬೇರೆ ಇದ್ದಾರೆ. ರೆಕಾರ್ಡರ್ ಪೆಟ್ಟಿಗೆಯನ್ನು ಚಾಲೂ ಮಾಡುವುದು, ಗಿರಾಕಿಗಳ ಫೋನಿಗೆ ಆಪ್ ಹಾಕಿಕೊಡುವುದು, ಅಂಗಡಿಯ ಪುಸ್ತಕ ಬರೆಯುವುದು ನನ್ನ ಪಾಲಿಗೆ ಬಂದದ್ದು. ಆ ದಿನದವರೆಗೆ ಯಾರೇ ಫೋನು ಮಾಡಿದರೂ "ಚಿತ್ರ ಬರವಲ್ದು", "ಪಾಸ್‌ವರ್ಡ್ ಮರತೀನಿ" ಎಂದಷ್ಟೇ ಹೇಳುತ್ತಿದ್ದರು. ಕಳ್ಳರು ಎಂಬ ಮಾತು ಕೇಳಿ ನನಗೆ, ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ಖುಷಿಯಾಯಿತು. ಬ್ಯಾಗಿಗೆ ಮೌಸ್, ಚಿಕ್ಕ ಮಾನಿಟರ್, ನನ್ನ ದಿನಚರಿ ಮತ್ತು ಅಂಗಡಿಯ ವಿಚಾರಣೆ ಪುಸ್ತಕ ತುಂಬಿಕೊಂಡು 10.50ರ ಬಸ್ಸು ಹಿಡಿದೆ. ವಿಚಾರಣೆ ಪುಸ್ತಕ ಯಾವಾಗಲೂ ನನ್ನ ಹತ್ತಿರವೇ ಇರುತ್ತದೆ. ಕ್ಯಾಮೆರಾ ಕೇಳಿಕೊಂಡು ಬಂದವರ ಊರು, ನಂಬರು, ಎಷ್ಟು ಜನ ಬಂದಿದ್ದರು ಎಂದು ಅದರಲ್ಲಿ ಬರೆದಿಟ್ಟು, ಬಸ್ಸಿನಲ್ಲಿ ಕೂತಾಗ ಅವರಿಗೆ ಫೋನು ಮಾಡುತ್ತೇನೆ.

ಮಧ್ಯಾಹ್ನ 1.40ಕ್ಕೆ ಗದ್ವಾಲ. ಮಗ್ಗದ ಮನೆಗೆ ಹೋದಾಗ ಸಾವಕಾರರು ಬಾಗಿಲಲ್ಲೇ ನಿಂತಿದ್ದರು. ಇವರು ನೇಕಾರರಿಗೆ ನೂಲು, ಜರಿ, ವಿನ್ಯಾಸ ಕೊಟ್ಟು ಸೀರೆ ನೇಯಿಸುವವರು. ಜರಿ ಕಡಿಮೆಯಾಗುತ್ತಿದೆ ಎಂದು ಮೇ ತಿಂಗಳಲ್ಲಿ ಈ ಮನೆಗೆ ಎರಡು ಕ್ಯಾಮೆರಾ ಹಾಕಿಸಿದ್ದರು. ಒಂದು ಬಾಗಿಲಿಗೆ, ಇನ್ನೊಂದು ಜಂತೆಗೆ, ನೇರವಾಗಿ ಮಗ್ಗದ ಮೇಲೆ. ಮಗ್ಗ ಇರುವುದು ಮುಂದಿನ ಕೋಣೆಯಲ್ಲಿ. ಮನೆಯವರು ಉಣ್ಣುವುದು, ಮಲಗುವುದು ಕೂಡ ಅದೇ ಕೋಣೆಯಲ್ಲಿ. ನೇಯುವಾಕೆ ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು. ತವರು ಮಕ್ತಲ್ ಕಡೆಯದು, ಹೀಗಾಗಿ ನಮ್ಮ ಕಡೆಯ ಕನ್ನಡವೇ ಆಡುತ್ತಾರೆ. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಗಂಡ ನೂಲು ಸುತ್ತಿ ಕೊಡುತ್ತಾನೆ.

ಸಾವಕಾರರು ಫೋನು ತೆಗೆದು ಒಂದು ಚಿತ್ರ ತೋರಿಸಿದರು. ಪವರ್‌ಲೂಮಿನ ಅಗ್ಗದ ಸೀರೆ, ವಾಟ್ಸಾಪಿನಲ್ಲಿ ಮಾರಾಟಕ್ಕೆ ಬಂದದ್ದು. ಅದರ ಅಂಚಿನ ದಡಿಯ ಮೇಲೆ ಕತ್ತು ಹಿಂದಕ್ಕೆ ತಿರುಗಿಸಿದ ನವಿಲು, ಕೊಕ್ಕಿನಲ್ಲಿ ಮಾವಿನ ಎಲೆ. ಎದುರಿನ ಮಗ್ಗದ ಮೇಲೆ ಅದೇ ನವಿಲು, ಅದೇ ಎಲೆ, ರೇಷ್ಮೆ ಮತ್ತು ಜರಿಯಲ್ಲಿ ಅರ್ಧ ನೇಯ್ದು ನಿಂತಿತ್ತು.

"ಶ್ರಾವಣಕ್ಕ ತರಬೇಕಂತ ಆರು ತಿಂಗಳು ಕುಂತು ಬರೆಸಿದ ದಡಿ ಇದು. ಈ ಒಂದೇ ಮಗ್ಗಕ್ಕ ಕೊಟ್ಟೀನಿ. ಈ ಮನಿ ಬಿಟ್ಟು ಇನ್ನೆಲ್ಲಿಂದ ಹೋಗತೈತಿ?" ಎಂದರು ಸಾವಕಾರರು.

ಅಕ್ಕ ಮಗ್ಗದ ಕುಣಿಯಿಂದ ಏಳಲಿಲ್ಲ. ಕಾಲು ಕುಣಿಯೊಳಗೇ ಇಟ್ಟುಕೊಂಡು ಹೇಳಿದರು: "ನಮ್ಮವ್ವ ಮಕ್ತಲ್‌ದಿಂದ ಬಂದ್ರೂ ನಾ ಇದರ ಮ್ಯಾಗ ಧೋತ್ರ ಮುಚ್ಚೀನ್ರಿ. ಹಡೆದಾಕಿಗೆ ತೋರಿಸಿಲ್ಲ, ಮಂದಿಗೆ ತೋರಿಸ್ತೀನೇನು?"

"ಭಾನುವಾರದ ಮಟ ನೋಡ್ತೀನಿ. ಆಮ್ಯಾಗ ಅಟ್ಟೆ, ಹಾಸು ಎಲ್ಲಾ ಇಳಿಸ್ಕೊಂಡು ಹೋಗ್ತೀನಿ."

ಅಟ್ಟೆ ಎಂದರೆ ಮಗ್ಗದ ತಲೆಯ ಮೇಲೆ ಮಾಲೆಯಂತೆ ತೂಗುವ ತೂತಿನ ರಟ್ಟುಗಳು; ದಡಿಯ ವಿನ್ಯಾಸ ಇರುವುದು ಅವುಗಳಲ್ಲಿ. ಹಾಸು ಎಂದರೆ ಮಗ್ಗದ ಉದ್ದಕ್ಕೆ ಬಿಗಿದ ನೂಲು. ಒಬ್ಬ ಸಾವಕಾರ ವಿನ್ಯಾಸ ಕದ್ದಾರೆಂದು ಅಟ್ಟೆ ಇಳಿಸಿಕೊಂಡು ಹೋದರೆ ಆ ಮಗ್ಗಕ್ಕೆ ಇನ್ನೊಬ್ಬರು ನೂಲು ಕೊಡುವುದಿಲ್ಲ. ಇದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಕ್ಕನ ಗಂಡ ಸುತ್ತುತ್ತಿದ್ದ ರಾಟೆ ನಿಂತೇ ಹೋಗಿತ್ತು.

ನಾನು ಪೆಟ್ಟಿಗೆಗೆ ಮಾನಿಟರ್ ಜೋಡಿಸಿ ಸ್ಟೂಲಿನ ಮೇಲೆ ಕೂತೆ. ಮೊದಲಿಗೆ ಕಂಡದ್ದು ನನ್ನದೇ ತಪ್ಪು. ಪೆಟ್ಟಿಗೆಯ ಗಡಿಯಾರ ಎರಡೂವರೆ ಗಂಟೆ ಮುಂದಿತ್ತು. ಕಾರ್ಖಾನೆಯಿಂದ ಬರುವಾಗ ಇರುವ ಸಮಯವನ್ನು ನಮ್ಮ ದೇಶದ್ದಕ್ಕೆ ಬದಲಿಸಲು ಮೇನಲ್ಲಿ ನಾನೇ ಮರೆತಿದ್ದೆ. ದಿನಚರಿಯಲ್ಲಿ ಬರೆದುಕೊಂಡೆ: "ಎಲ್ಲ ಸಮಯದಿಂದ 2.30 ಕಳೆಯಬೇಕು."

ಆಮೇಲೆ ಬಾಗಿಲಿನ ಕ್ಯಾಮೆರಾದಲ್ಲಿ ಯಾರಾದರೂ ಅಲುಗಾಡಿದ ತುಣುಕುಗಳನ್ನಷ್ಟೇ ಆರಿಸಿ, ಅದೇ ಕ್ಷಣಕ್ಕೆ ಮಗ್ಗದ ಕ್ಯಾಮೆರಾ ಏನು ಕಂಡಿತು ಎಂದು ಒಂದೊಂದನ್ನೇ ನೋಡುತ್ತಾ ಹೋದೆ. ಜೂನ್ 22ರಿಂದ ಜುಲೈ 9ರವರೆಗೆ. ಎದುರಿಗೆ ಅಕ್ಕ ನೇಯುತ್ತಿದ್ದರು, ಮಾನಿಟರಿನಲ್ಲೂ ಅಕ್ಕ ನೇಯುತ್ತಿದ್ದರು.

"ಯವ್ವಾ, ನಾ ನಿನ್ನ ಮುಂದೇ ಕುಂತೀನಿ, ನೀ ನನ್ನ ಟಿವ್ಯಾಗ ನೋಡ್ತಿ. ಅದರಾಗ ಚೆಂದ ಕಾಣ್ತೀನೇನು?"

"ಭಾಳ ಚೆಂದ ಕಾಣ್ತೀರಿ ಅಕ್ಕಾ. ಬಣ್ಣ ಎದ್ದು ಬರತೈತಿ."

"ಹಂಗಾರ ನಮ್ಮ ಮನೆಯವ್ರಿಗೆ ಅದನ್ನೇ ತೋರಿಸು."

ಗಂಡ ತಲೆ ಎತ್ತಲಿಲ್ಲ, ಆದರೆ ರಾಟೆ ಮತ್ತೆ ತಿರುಗತೊಡಗಿತು.

ಅಂದು ಗದ್ವಾಲದಲ್ಲೇ ಇರುವ ಸೋದರತ್ತೆಯ ಮನೆಯಲ್ಲಿ ಉಳಿದು, ಗುರುವಾರ ಬೆಳಿಗ್ಗೆ ಎಂಟಕ್ಕೆ ಮತ್ತೆ ಕೂತೆ. ಹನ್ನೊಂದಕ್ಕೆ ಲೆಕ್ಕ ಮುಗಿಯಿತು. ಹದಿನೆಂಟು ದಿನದಲ್ಲಿ ಹೊರಗಿನವರು ಇಪ್ಪತ್ಮೂರು ಸಲ ಒಳಗೆ ಬಂದಿದ್ದರು. ಇಪ್ಪತ್ಮೂರು ಸಲವೂ ಅಕ್ಕನ ಕೈ ಮೊದಲು ಧೋತ್ರಕ್ಕೆ ಹೋಗಿತ್ತು, ಆಮೇಲೆ ಬಾಗಿಲಿಗೆ. ಮುಚ್ಚದೇ ಬಿಟ್ಟದ್ದು ಎರಡೇ ಸಲ. ಎರಡು ಸಲವೂ ಬಂದದ್ದು ಪಕ್ಕದ ಮನೆಯ ಬೆಕ್ಕು.

ಕುಣಿದಾಡುವಷ್ಟು ಖುಷಿಯಿಂದ ಸಾವಕಾರರಿಗೆ ಓದಿ ಹೇಳಿದೆ. ಅವರು ಬೆರಳು ಮಡಚಿ ಎಣಿಸಿದರು.

"ದಡಿ ಹಚ್ಚಿದ್ದು ಜೂನ್ 18ಕ್ಕ. ನಿನ್ನ ಪಿಕ್ಚರ್ ಶುರುವಾಗೋದು 22ಕ್ಕ. ನಡುವಿನ ನಾಲ್ಕು ದಿನ?"

ಅವು ಅಳಿಸಿಹೋಗಿದ್ದವು. ಡಿಸ್ಕ್ ತುಂಬಿದರೆ ಹಳೆಯದರ ಮೇಲೆ ಹೊಸದು ಬರೆಯುವುದು ಆ ಪೆಟ್ಟಿಗೆಯ ಪದ್ಧತಿ.

ನನಗೆ ಹಟ ಬಂತು. ಚಿತ್ರ ಅಳಿಸಿದರೂ ಪೆಟ್ಟಿಗೆಯೊಳಗೆ ಇನ್ನೊಂದು ದಾಖಲೆ ಉಳಿಯುತ್ತದೆ. ಯಾವ ಹೊತ್ತಿಗೆ ಯಾವ ಹೆಸರಿನಿಂದ ಯಾರು ಒಳಗೆ ಬಂದು ಕ್ಯಾಮೆರಾ ನೋಡಿದರು ಎಂಬ ಪಟ್ಟಿ. ಅದಕ್ಕೆ ಲಾಗ್ ಎನ್ನುತ್ತಾರೆ. ಗಿರಾಕಿಗಳು ಅದನ್ನು ಕೇಳುವುದಿಲ್ಲ, ನಾವೂ ತೆರೆಯುವುದಿಲ್ಲ. ನಾನು ತೆರೆದೆ. ಸಾವಕಾರರ ಫೋನಿನ ಹೆಸರು ದಿನಕ್ಕೆ ಎರಡು ಸಲ ಇತ್ತು. ಮನೆಯವರ ಫೋನಿನ ಹೆಸರು ತಿಂಗಳಲ್ಲಿ ನಾಲ್ಕು ಸಲ. ಇವೆರಡೂ ಅಲ್ಲದೆ 'ಅಡ್ಮಿನ್' ಎಂಬ ಮೂರನೆಯ ಹೆಸರು. ಅದು ಪೆಟ್ಟಿಗೆ ಚಾಲೂ ಮಾಡುವ ದಿನ ಮಾತ್ರ ನಾವು ಬಳಸುವ ಹೆಸರು. ಅದು ಜೂನ್ 12ರಿಂದ ಈಚೆಗೆ ಮೂವತ್ತೇಳು ಸಲ ದೂರದಿಂದ ಬಂದು ಮಗ್ಗದ ಕ್ಯಾಮೆರಾ ತೆರೆದಿತ್ತು!

"ಸಾವಕಾರ್ರೇ!" ಎಂದು ಕೂಗಿದೆ. ಅಕ್ಕ ಲಾಳಿ ಕೆಳಗಿಟ್ಟರು. "ಹೊರಗಿನಿಂದ ಯಾರೋ ನೋಡ್ಯಾರ್ರಿ. ಮೂವತ್ತೇಳು ಸಲ. ಈ ಮನಿಗೆ ಕಾಲಿಡಲಾರದೇ ನೋಡ್ಯಾರ!"

ಎಲ್ಲಿಂದ ಎಂದು ಕೇಳಿದರು. ಅದು ಗೊತ್ತಾಗುವಂತಿರಲಿಲ್ಲ. ಆಪ್ ಮೂಲಕ ಬಂದವರ ವಿಳಾಸದ ಜಾಗದಲ್ಲಿ ಆ ಪೆಟ್ಟಿಗೆ ತನ್ನದೇ ವಿಳಾಸ ಬರೆದುಕೊಳ್ಳುತ್ತದೆ, ಮೂವತ್ತೇಳಕ್ಕೂ ಒಂದೇ ಅಂಕಿ. ಸಮಯ ಮಾತ್ರ ಇತ್ತು. ಮಧ್ಯಾಹ್ನ ಒಂದರಿಂದ ರಾತ್ರಿ ಹತ್ತರವರೆಗೆ.

"ರಾತ್ರಿ ಹತ್ತಕ್ಕ ಬಾಗಿಲು ಹಾಕಿದ ಮನಿ ನೋಡ್ಯಾನಂದ್ರ ಆ ಮಗನೇ ಕಳ್ಳ," ಎಂದರು ಸಾವಕಾರರು. ನಂತರ ನಿಧಾನವಾಗಿ, "ಒಳಗ ಬರಾಕ ಪಾಸ್‌ವರ್ಡ್ ಬೇಕಲ್ಲ ಅಮ್ಮಾ? ಅದು ಎಲ್ಲಿತ್ತು?"

ನಾನು ಪೆಟ್ಟಿಗೆಯನ್ನು ಎತ್ತಿ ಅಡಿ ತೋರಿಸಿದೆ. ಗಿರಾಕಿ ಮರೆತರೆ ಅನುಕೂಲವಾಗಲಿ ಎಂದು ಪಾಸ್‌ವರ್ಡ್ ಬರೆದ ಚೀಟಿಯನ್ನು ಅಲ್ಲಿ ಅಂಟಿಸುವುದು ನಮ್ಮ ಅಂಗಡಿಯ ರೂಢಿ. ತೋರಿಸಿದ ಮೇಲೆ ನನಗೆ ಹೊಳೆಯಿತು, ತೋರಿಸಬಾರದಿತ್ತು.

"ಅಂದ್ರ ಚೀಟಿ ಈ ಮನ್ಯಾಗೇ ಇತ್ತು," ಎಂದರು ಅವರು.

"ನನಗ ಇಂಗ್ಲಿಷ್ ಓದಾಕ ಬರಂಗಿಲ್ರಿ," ಎಂದರು ಅಕ್ಕ.

"ನಿನ್ನ ಗಂಡಗ ಬರತೈತಿ."

ರಾಟೆ ಮತ್ತೆ ನಿಂತಿತು. ಅಕ್ಕ ನನ್ನ ಕಡೆ ನೋಡಿದರು. ಅವರನ್ನು ಬಿಡಿಸಲು ಬಂದವಳು ಒಂದೂವರೆ ದಿನದಲ್ಲಿ ಅವರ ಗಂಡನ ಕೊರಳಿಗೆ ಹಗ್ಗ ಹೊಸೆದುಕೊಟ್ಟಿದ್ದೆ.

ಸಂಜೆ 4.10ರ ಬಸ್ಸು. ಮೂವತ್ತೇಳು ಸಮಯಗಳನ್ನೂ ಕಾಗದಕ್ಕೆ ಇಳಿಸಿಕೊಂಡು ಬಂದಿದ್ದೆ. ಜೂರಾಲ ಅಣೆಕಟ್ಟು ದಾಟುವಾಗ, ಕಿಟಕಿಯ ಆಚೆ ಕೃಷ್ಣೆಯ ನೀರು ತುಂಬಿ ನಿಂತದ್ದನ್ನು ನೋಡುತ್ತಿದ್ದವಳು ಇದ್ದಕ್ಕಿದ್ದಂತೆ ದಿನಚರಿ ತೆಗೆದೆ. "2.30 ಕಳೆಯಬೇಕು." ಹೊರಗಿನವರ ಲೆಕ್ಕದಲ್ಲಿ ಕಳೆದಿದ್ದೆ. ಲಾಗ್ ಕಂಡ ಸಂಭ್ರಮದಲ್ಲಿ ಕಳೆಯುವುದನ್ನೇ ಮರೆತಿದ್ದೆ!

ಒಂದೊಂದಕ್ಕೂ ಕಳೆದೆ. ಎಲ್ಲಕ್ಕಿಂತ ಮುಂಚಿನದು ಬೆಳಿಗ್ಗೆ 10.31. ಎಲ್ಲಕ್ಕಿಂತ ತಡವಾದದ್ದು ಸಂಜೆ 7.38. ರಾತ್ರಿಯ ಕಳ್ಳ ಮಾಯವಾದ. ಇವನು ಹಗಲು ಹೊತ್ತಿನಲ್ಲಿ, ಬೆಳಿಗ್ಗೆ ಹತ್ತರ ಮೇಲೆ ಶುರು ಮಾಡಿ ರಾತ್ರಿ ಎಂಟರೊಳಗೆ ಮುಗಿಸುವವನು. ಆಮೇಲೆ ತಾರೀಖುಗಳ ಎದುರು ವಾರ ಬರೆದೆ. ಜೂನ್ 13, 20, 27, ಜುಲೈ 4. ಈ ನಾಲ್ಕು ದಿನ ಒಂದೂ ಲಾಗಿನ್ ಇರಲಿಲ್ಲ. ನಾಲ್ಕೂ ಶುಕ್ರವಾರ.

ಶುಕ್ರವಾರ ರಜೆ ಮಾಡುವವರು ಯಾರು? ಮಕ್ತಲ್‌ನ ಬಸ್ ನಿಲ್ದಾಣದಲ್ಲಿ ಇಳಿದು, ನಾರಾಯಣಪೇಟೆಯ ಬಸ್ಸಿಗೆ ಕಾಯುತ್ತಾ ಬೆಂಚಿನ ಮೇಲೆ ಕೂತು ಅದನ್ನೇ ಯೋಚಿಸಿದೆ. ಗೊತ್ತಿದ್ದ ಅಂಗಡಿಗಳನ್ನೆಲ್ಲ ನೆನೆದೆ. ಎಲ್ಲ ಮುಗಿದ ಮೇಲೆ ಉಳಿದದ್ದು ನಮ್ಮದೇ ಅಂಗಡಿ.

ವಿಚಾರಣೆ ಪುಸ್ತಕ ತೆಗೆದೆ. ಜೂನ್ 12, ಬೆಳಿಗ್ಗೆ 11.05, ದಾಮರಗಿದ್ದ, ಇಬ್ಬರು. ಲಾಗ್‌ನಲ್ಲಿ 11.07. ಜೂನ್ 14, ಸಂಜೆ 5.20, ಒಬ್ಬರು. ಲಾಗ್‌ನಲ್ಲಿ 5.24. ಬೆರಳು ಒಂದು ಪುಟದಿಂದ ಇನ್ನೊಂದಕ್ಕೆ ಓಡುತ್ತಿತ್ತು. ಕಂಡಕ್ಟರ್ "ಪೇಟ, ಪೇಟ, ಪೇಟ" ಎಂದು ಕೂಗಿ, ಹತ್ತಿಸಿಕೊಂಡು ಹೋಗಿಯೂ ಬಿಟ್ಟ. ಮೂವತ್ತೇಳರಲ್ಲಿ ಮೂವತ್ನಾಲ್ಕು ಕೂಡಿಬಂದವು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಜೂನ್ 12ರಂದು ನಮ್ಮ ಮಾಲಕರು ಅಂಗಡಿಗೆ ದೊಡ್ಡ ಟಿವಿ ತಂದರು. ಕ್ಯಾಮೆರಾ ಕೇಳಿಕೊಂಡು ಬಂದವರಿಗೆ ಚಿತ್ರ ಎಷ್ಟು ಸ್ಪಷ್ಟ ಎಂದು ತೋರಿಸಲು. ನಾವು ಯಾರ ಮನೆಯ ಪೆಟ್ಟಿಗೆ ಕೂಡಿಸಿದರೂ ಮೊದಲು ಅಂಗಡಿಯ ಖಾತೆಗೆ ಸೇರಿಸಿ, ಆಮೇಲೆ ಗಿರಾಕಿಯ ಫೋನಿಗೆ ಹಂಚುತ್ತಿದ್ದೆವು. ಅಂದರೆ ಅರವತ್ತೆಂಟು ಮನೆ, ಅಂಗಡಿಗಳ ಕ್ಯಾಮೆರಾಗಳು ನಮ್ಮ ಕೈಯಲ್ಲಿದ್ದವು. ಅದರಲ್ಲಿ ಚೆಂದದ್ದೊಂದು ಆರಿಸು ಎಂದರು ಮಾಲಕರು. ಗಿರಣಿಯ ಚಿತ್ರದಲ್ಲಿ ಧೂಳು, ಬಂಗಾರದ ಅಂಗಡಿಯಲ್ಲಿ ಕಣ್ಣು ಕುಕ್ಕುವ ಬೆಳಕು. ಮಗ್ಗದ ಮನೆಯಲ್ಲಿ ಗವಾಕ್ಷಿಯ ಬಿಸಿಲು, ಕೆಂಪು ರೇಷ್ಮೆ, ಜರಿ, ಬಿಳಿ ನೂಲು. ಆರಿಸಿದ್ದು ನಾನು. ಅಂದಿನ ದಿನಚರಿಯಲ್ಲಿ ಸಾಲು ಇದೆ: "ಟಿವಿ ಚಾಲೂ. ಗದ್ವಾಲದ ಮಗ್ಗ ಎಲ್ಲಕ್ಕಿಂತ ಉತ್ತಮ." ಆಮೇಲೆ ದಿನಾ ರಿಮೋಟಿನ ಒಂದು ಗುಂಡಿ ಒತ್ತುವುದಷ್ಟೇ. ಗುಂಡಿ ಒತ್ತಿದಾಗಲೆಲ್ಲ ಗದ್ವಾಲದ ಪೆಟ್ಟಿಗೆಯಲ್ಲಿ ಅಡ್ಮಿನ್ ಎಂದು ದಾಖಲಾಗುತ್ತದೆ ಎಂಬುದು ನನ್ನ ತಲೆಗೆ ಹೊಕ್ಕಿರಲಿಲ್ಲ.

ಪುಸ್ತಕದಲ್ಲಿ ಜೂನ್ 21ರ ಸಾಲು ಹೀಗಿತ್ತು: "ಕೋಸಗಿ, ಬಟ್ಟೆ ವ್ಯಾಪಾರಿ, ನಾಲ್ಕು ಕ್ಯಾಮೆರಾ. ಮನೆಯಲ್ಲಿ ತೋರಿಸಲು ಟಿವಿಯ ಫೋಟೋ ತೆಗೆದುಕೊಂಡರು. ಮತ್ತೆ ಬರಲಿಲ್ಲ." ಸಿಗದೇ ಹೋದ ನಾಲ್ಕು ದಿನಗಳಲ್ಲಿ ಕೊನೆಯದು. ಅಲ್ಲಿಂದಲೇ ಫೋನು ಮಾಡಿದೆ.

"ಹೌದಮ್ಮಾ, ತಗೊಂಡೀನಿ," ಎಂದರು ಆ ವ್ಯಾಪಾರಿ, ಯಾವ ಅಳುಕೂ ಇಲ್ಲದೆ. "ದಡಿ ಚೆಂದ ಇತ್ತು, ನಮಗ ಮಾಲು ಕೊಡೋ ಪವರ್‌ಲೂಮಿನವರಿಗೆ ಕಳಿಸಿದೆ. ಯಾಕ, ತಪ್ಪಾತೇನು? ನೀವೇ ಅಂಗಡ್ಯಾಗ ಅಷ್ಟು ದೊಡ್ಡ ಟಿವ್ಯಾಗ ಹಾಕೀರಿ. ತೋರಿಸೋ ಮಾಲು ಅಂತ ತಿಳದೆ."

ಫೋನು ಇಟ್ಟು, ಪುಸ್ತಕದ ಆ ಸಾಲಿನ ಕೆಳಗೆ ಗೆರೆ ಎಳೆದೆ. ನಂಬುತ್ತೀರೋ ಇಲ್ಲವೋ, ನಾಚಿಕೆ, ಅದರ ಮೇಲೆ ಲೆಕ್ಕ ತಾಳೆಯಾದ ಹಿಗ್ಗು, ಎರಡೂ ಒಟ್ಟಿಗೇ ಇದ್ದವು.

ಜುಲೈ 11, ಶುಕ್ರವಾರ, ಬೆಳಿಗ್ಗೆ ಎಂಟೂವರೆ. ರಜೆಯ ದಿನ ಮಾಲಕರ ಮನೆಗೆ ಹೋದೆ. ಅವರು ಪುಸ್ತಕ, ಪಟ್ಟಿ ಎರಡನ್ನೂ ಎರಡೆರಡು ಸಲ ನೋಡಿದರು.

"ಉಳಿದ ಮೂರು?"

"ನಾ ಊಟಕ್ಕ ಹೋದಾಗಿನವು ಅಣ್ಣಾ. ನೀವು ಯಾರಿಗರ ತೋರಿಸೀರೇನು?"

"ತೋರಿಸಿರಬೇಕು. ಯಾರಿಗೆ ಅಂತ ಯಾಂವ ನೆನಪಿಡ್ತಾನ?" ಎಂದು ಗಡ್ಡ ಕೆರೆದುಕೊಂಡರು. "ನೋಡು ತಂಗಿ, ಹ್ಯಾಕ್ ಆಗೇತಿ ಅಂತ ಹೇಳಿಬಿಡು. ಚೀನಾದಂವ ಮಾಡ್ಯಾನ ಅಂದ್ರ ಎಲ್ಲಾರೂ ನಂಬ್ತಾರ. ನಾವು ಪಾಸ್‌ವರ್ಡ್ ಬದಲಾಯಿಸಿ ಸುಮ್ಮನಿರೋಣು."

"ಚೀನಾದಂವಗ ಪಾಸ್‌ವರ್ಡ್ ಕೊಟ್ಟೋರು ಯಾರು ಅಂತ ಕೇಳ್ತಾರ ಅಣ್ಣಾ. ಚೀಟಿ ಆ ಅಕ್ಕನ ಮನ್ಯಾಗ ಐತಿ. ಭಾನುವಾರ ಅಟ್ಟೆ ಇಳಿಸ್ತಾರ."

"ನಮ್ಮ ಅಂಗಡಿ ಹೆಸರು?"

"ಅವರದೂ ಹೆಸರೇ ಅಣ್ಣಾ."

ಮಾಲಕರು ಪಟ್ಟಿಯನ್ನು ಮಡಚಿ ನನ್ನ ಕೈಗಿಟ್ಟರು. ಒಳಗಿನಿಂದ ಅವರ ಹೆಂಡತಿಯ ದನಿ ಬಂತು: "ಅಲ್ರೀ, ನಮ್ಮ ಅಡಿಗಿಮನಿ ಬಾಗಿಲಿಗೆ ಹಾಕಿದ ಕ್ಯಾಮೆರಾ ಯಾವ ಟಿವ್ಯಾಗ ಬರತೈತಿ?"

"ನೀ ಸುಮ್ಮನಿರು!"

"ಸುಮ್ಮನಿರ್ತೀನಿ. ಮೊದಲು ಅದನ್ನ ಬಿಚ್ಚ್ರಿ."

ನಾನು ಎದ್ದು ನಿಂತೆ. "ನಾ ನಾಳೆ ಗದ್ವಾಲಕ್ಕ ಹೋಗಾಕಿ ಅಣ್ಣಾ. ಟಿವಿಗೆ ಆ ಮನಿ ಹಾಕಿದಾಕಿ ನಾನು. ನೀವು ಬಂದ್ರೂ ಸರಿ, ಬರದಿದ್ರೂ ಸರಿ." ಕೆಲಸ ಹೋದರೆ ಏನು ಮಾಡುವುದೆಂದು ದಾರಿಯಲ್ಲಿ ಯೋಚಿಸಿಯೇ ಬಂದಿದ್ದೆ. ಉತ್ತರ ಸಿಕ್ಕಿರಲಿಲ್ಲ, ಆದರೂ ಹೇಳಿದೆ.

ಶನಿವಾರ ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಹೋದರೆ ಮಾಲಕರು ನನಗಿಂತ ಮೊದಲೇ ಬಂದು ಕೂತಿದ್ದರು. ಹಿಂದಿನ ಸಂಜೆ ಅಂಗಡಿ ತೆರೆದು ಟಿವಿಯ ವೈರು ಕಿತ್ತಿಟ್ಟು ಬಂದಿದ್ದರಂತೆ. ಗದ್ವಾಲ ಮುಟ್ಟುವವರೆಗೆ ಅವರು ಆಡಿದ್ದು ಅದೊಂದೇ ಮಾತು.

ಮಗ್ಗದ ಮನೆಯಲ್ಲಿ ಸಾವಕಾರರೂ ಇದ್ದರು, ನಾನೇ ಬರಹೇಳಿದ್ದೆ. ಆದರೆ ನಾನು ಅವರಿಗೆ ಹೇಳಲಿಲ್ಲ. ಕುಣಿಯ ಪಕ್ಕ ಕೆಳಗೆ ಕೂತು ಅಕ್ಕನಿಗೆ ಹೇಳಿದೆ. ಟಿವಿ ತಂದದ್ದು, ಅವರ ಮನೆ ಆರಿಸಿದ್ದು, ಗುಂಡಿ ಒತ್ತಿದ್ದು, ಕೋಸಗಿಯ ಫೋಟೋ. ಪುಸ್ತಕವನ್ನು ಅವರ ಮುಂದಿಟ್ಟೆ.

ಅಕ್ಕ ಪುಸ್ತಕ ಮುಟ್ಟಲಿಲ್ಲ. "ಎಷ್ಟು ಮಂದಿ ನೋಡ್ಯಾರ?"

"ಐವತ್ತೆರಡು ಮಂದಿ ಅಕ್ಕಾ. ಮತ್ತ ಮೂರು ಸಲ ಯಾರು ನೋಡ್ಯಾರಂತ ಗೊತ್ತಿಲ್ಲ."

"ನಾ ಏನು ಮಾಡಾಕ ಹತ್ತಿದ್ದೆ?"

"ನೇಯಾಕ ಹತ್ತಿದ್ರಿ."

"ಎಲ್ಲಾ ಸಲಾನೂ?"

ನನಗೆ ಸುಳ್ಳು ಹೇಳಲು ಆಗಲಿಲ್ಲ. "ಒಮ್ಮೆ ಕೂದಲಾ ಬಾಚ್ಕೊಂತಿದ್ರಿ. ಒಮ್ಮೆ ಮಗ್ಗದ ಬಾಜೂಕ ಮಲಗಿದ್ರಿ. ಅವತ್ತು ಬಂದವರು ಒಬ್ಬರೇ."

ಅವರು ಸೆರಗನ್ನು ಹೆಗಲ ಮೇಲೆ ಎಳೆದುಕೊಂಡರು. ಈಗಲೂ ಯಾರೋ ನೋಡುತ್ತಿರುವಂತೆ. ಆಮೇಲೆ ಜಂತೆಯ ಕಡೆ ತಲೆ ಎತ್ತಿ ಕ್ಯಾಮೆರಾವನ್ನೇ ನೋಡಿದರು. ಮಾಲಕರು ಬಾಗಿಲ ಹತ್ತಿರ ನಿಂತಲ್ಲೇ, "ತಪ್ಪಾತವ್ವಾ, ನಮ್ಮದೇ ತಪ್ಪು," ಎಂದರು. ಅಷ್ಟು ಸಣ್ಣ ದನಿ ಅವರಿಗೆ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಸಾವಕಾರರಿಗೆ ಅಷ್ಟರಲ್ಲಿ ಬೇರೆಯದೇ ಚಿಂತೆ ಹತ್ತಿತ್ತು. "ನನ್ನ ಮನ್ಯಾಗೂ ನಾಲ್ಕು ಹಾಕೀರಲ್ಲ? ಅವೂ ಟಿವ್ಯಾಗ ಬಂದಾವೇನು?"

"ಇಲ್ರಿ ಸಾವಕಾರ್ರೇ," ಎಂದರು ಮಾಲಕರು ಅವಸರದಲ್ಲಿ. "ನಿಮ್ಮ ಮನ್ಯಾಗ ಏನೂ ಕಲರ್ ಇಲ್ರಿ, ಅದಕ್ಕ ಹಾಕಲಿಲ್ಲ."

ಅಕ್ಕನ ಗಂಡ ಫಕ್ಕನೆ ನಕ್ಕುಬಿಟ್ಟ. ಮೂರು ದಿನದಲ್ಲಿ ಅವನ ದನಿ ನಾನು ಕೇಳಿದ್ದು ಅದೇ ಮೊದಲು. ಸಾವಕಾರರು ಕೆಮ್ಮಿ, "ಅಟ್ಟೆ ಇಲ್ಲೇ ಇರ್ಲಿ," ಎಂದರು. "ನಾ ಅಂದದ್ದು ಮನಸಿಗೆ ಹಚ್ಕೋಬ್ಯಾಡ್ರಿ."

"ಹಚ್ಕೊಂಡೀನ್ರಿ," ಎಂದರು ಅಕ್ಕ. "ಆದ್ರ ಈಗ ಅದನ್ನ ಬಿಡ್ರಿ. ಮ್ಯಾಗಿನ ಈ ಕಣ್ಣು ಇವತ್ತೇ ಇಳೀಬೇಕು. ಜರಿ ತೂಕಾ ಮಾಡಿ ಕೊಡ್ತೀರಿ, ಸೀರ್ಯಾಗ ತೂಕಾ ಮಾಡಿ ತಗೋತೀರಿ. ನಮ್ಮ ಮಾವನ ಕಾಲಕ್ಕೂ ಹಂಗೇ ನಡೀತಿತ್ತು. ಬಾಗಿಲಿಂದು ಬೇಕಂದ್ರ ಇರ್ಲಿ, ಅದರ ಕೀಲಿ ನನ್ನ ಕೈಯಾಗ ಇರಬೇಕು."

ಸಾವಕಾರರು ಮಗ್ಗ ನೋಡಿ, ಒಪ್ಪಿ ತಲೆಯಾಡಿಸಿದರು. ಮಾಲಕರು ತಾವೇ ಏಣಿ ಹತ್ತಿ ಜಂತೆಯ ಕ್ಯಾಮೆರಾ ಬಿಚ್ಚಿದರು. ಬಾಗಿಲಿನದಕ್ಕೆ ನಾನು ಅಂಗಡಿಯ ಖಾತೆ ತೆಗೆದು, ಚೀಟಿ ಹರಿದು, ಗಡಿಯಾರ ಸರಿಮಾಡಿ, ಹೊಸ ಪಾಸ್‌ವರ್ಡ್ ಹಾಕುವ ಪರದೆ ತಂದಿಟ್ಟೆ.

"ಅಂಕಿ ಬರತಾವ ನನಗ," ಎಂದರು ಅಕ್ಕ.

"ಎರಡು ಅಕ್ಷರನೂ ಬೇಕಂತೈತಿ ಅಕ್ಕಾ. ಯಾವುದರ ಒತ್ತ್ರಿ, ನೆನಪಿದ್ರ ಆತು."

"ಸಾವಿರಾರು ಎಳಿ ನೆನಪಿಡಾಕಿಗೆ ಎರಡು ಅಕ್ಷರ ದೊಡ್ಡದೇನು? ನೀ ಮಾರಿ ಆ ಕಡಿ ಮಾಡು."

ನಾನು ಗೋಡೆಯ ಕಡೆ ತಿರುಗಿದೆ. ಮಾಲಕರು, ಸಾವಕಾರರು, ಗಂಡ, ಎಲ್ಲರೂ ತಿರುಗಿದರು. ಹಿಂದೆ ಮೌಸಿನ ಟಿಕ್ ಟಿಕ್ ಎಂಟು ಸಲ ಕೇಳಿಸಿತು. ಎಣಿಸಬಾರದಿತ್ತು, ಎಣಿಸಿದೆ, ಬರೆದುಕೊಳ್ಳಲಿಲ್ಲ.

"ಇನ್ನೊಂದು ಮಾತು," ಎಂದರು ಅಕ್ಕ ಸಾವಕಾರರಿಗೆ. ದನಿ ಬದಲಾಗಿತ್ತು. "ಅಂವ ದಡಿ ಅಷ್ಟೇ ಕದ್ದಾನ. ಸೆರಗು ಇನ್ನಾ ಮಗ್ಗಕ್ಕ ಬಂದಿಲ್ಲ, ಯಾರೂ ನೋಡಿಲ್ಲ. ಸೆರಗಿನಾಗ ನವಿಲಿನ ಕತ್ತು ಮುಂದ ಮಾಡ್ರಿ. ದಡ್ಯಾಗ ಹಿಂದ ನೋಡತೈತಿ, ಸೆರಗಿನಾಗ ಎದುರಿಗೆ ಬರತೈತಿ. ಅದರ ಮುಂದ ಅವರ ಸೀರಿ ಅರ್ಧ ಸೀರಿ."

ಸಾವಕಾರರು ಅಲ್ಲೇ ಕೂತು ಕಾಗದ ಕೇಳಿದರು. ನನ್ನ ದಿನಚರಿಯ ಜುಲೈ 12ರ ಪುಟದಲ್ಲಿ ಈಗಲೂ ಅವರ ಪೆನ್ಸಿಲಿನ ನವಿಲಿದೆ. ಅದನ್ನು ಯಾರಿಗೂ ತೋರಿಸಿಲ್ಲ. ಸೆರಗಿನ ಹೊಸ ಅಟ್ಟೆಗಳು ಎಂಟು ದಿನದಲ್ಲಿ ಬಂದವು. ಶ್ರಾವಣದ ಎರಡನೇ ವಾರ ಸೀರೆ ಮಗ್ಗದಿಂದ ಇಳಿಯಿತು. ನೋಡಿದ ಮೊದಲ ಐದು ಜನರಲ್ಲಿ ನಾನೂ ಒಬ್ಬಳು. ಆ ಎದುರಿನ ನವಿಲು ನಮ್ಮ ಮೇಲೇ ನಡೆದುಬರುವಂತಿತ್ತು!

ಉಳಿದ ಅರವತ್ತೇಳು ಪೆಟ್ಟಿಗೆಗಳನ್ನು ನಾನು ಜುಲೈ 14ರಿಂದ ಆಗಸ್ಟ್ 2ರವರೆಗೆ ಮನೆಮನೆಗೆ ಹೋಗಿ ಬಿಡಿಸಿದೆ. ನಾರಾಯಣಪೇಟೆ 31, ಮಕ್ತಲ್ 19, ಗದ್ವಾಲ 17. ಒಂದಕ್ಕೆ ಸರಾಸರಿ ಇಪ್ಪತ್ತೆರಡು ನಿಮಿಷ. ಮೊದಲು ಏನಾಯಿತೆಂದು ಹೇಳುವುದು, ಆಮೇಲೆ ಅಂಗಡಿಯ ಖಾತೆ ತೆಗೆಯುವುದು, ಚೀಟಿ ಹರಿಯುವುದು, ಅವರು ಪಾಸ್‌ವರ್ಡ್ ಹಾಕುವಾಗ ಮುಖ ತಿರುಗಿಸುವುದು. ಮಕ್ತಲ್‌ನ ಗೊಬ್ಬರದ ಅಂಗಡಿಯ ಅಜ್ಜ ಮಾತ್ರ ಹಟ ಹಿಡಿದರು: "ನಾ ಮರೀತೀನಿ ಮೊಮ್ಮಗಳೇ, ನಿನ್ನ ಪುಸ್ತಕದಾಗೇ ಬರಕೋ." ಬರೆದುಕೊಳ್ಳಲಿಲ್ಲ. ಕಾಗದದ ಮೇಲೆ ಅವರಿಂದಲೇ ಬರೆಸಿ ಅವರದೇ ತಿಜೋರಿಯಲ್ಲಿ ಇಡಿಸಿದೆ. ನಮ್ಮನ್ನು ಬೈದವರು ಒಂಬತ್ತು ಜನ. ಇನ್ನು ಮೇಲೆ ನಮ್ಮ ಅಂಗಡಿ ಬೇಡ ಎಂದವರು ನಾಲ್ವರು. ಚಹಾ ಕೊಟ್ಟವರು ನಲವತ್ತು.

ಆದರೆ ಕೆಲಸ ಮುಗಿದಿಲ್ಲ. ಅಂದು ನಾವು ಹೊರಡುವಾಗ ಅಕ್ಕ ನನ್ನನ್ನು ಕರೆದು ಹೇಳಿದ್ದರು: "ದಡಿ ಹೋದ್ರ ಇನ್ನೊಂದು ದಡಿ ಬರತೈತಿ. ಆ ಮಂದಿ ಫೋನಿನಾಗ ನಾನು ಕುಂತೀನಲ್ಲ, ಅದನ್ನ ಎಣಿಸಿಕೊಂಡು ಬಾ." ಪುಸ್ತಕದಲ್ಲಿದ್ದ ಮೂವತ್ನಾಲ್ಕು ನಂಬರುಗಳಿಗೂ ಫೋನು ಮಾಡಿದೆ. ಇಪ್ಪತ್ತೊಂಬತ್ತು ಸಿಕ್ಕವು. ಕೋಸಗಿಯವರನ್ನು ಸೇರಿಸಿ ಮೂವರ ಹತ್ತಿರ ಫೋಟೋ ಇತ್ತು. ಮೂವರೂ ಅಳಿಸಿದರು, ಕೋಸಗಿಯವರು ತಾವು ಕಳಿಸಿದ್ದ ಪವರ್‌ಲೂಮಿನವರಿಂದಲೂ ಅಳಿಸಿದರು. ಇನ್ನೂ ಐದು ನಂಬರು ಬಂದ್ ಆಗಿವೆ. ಮಾಲಕರು ತೋರಿಸಿದ ಮೂರು ಸಲದವರ ಹೆಸರೂ ಇಲ್ಲ.

ಅದಕ್ಕೇ ಇದನ್ನು ಬರೆದೆ. ಜೂನ್ 12ರಿಂದ ಜುಲೈ 8ರ ನಡುವೆ ನಾರಾಯಣಪೇಟೆಯ ಒಂದು ಕ್ಯಾಮೆರಾ ಅಂಗಡಿಯ ಟಿವಿಯಲ್ಲಿ, ಮೇಲಿನಿಂದ ಕಾಣುವ ಮಗ್ಗ ಮತ್ತು ಅದರ ಮುಂದೆ ಕೂತ ಹೆಣ್ಣುಮಗಳನ್ನು ನೀವು ನೋಡಿದ್ದರೆ, ಅಥವಾ ನೋಡಿದವರು ನಿಮಗೆ ಗೊತ್ತಿದ್ದರೆ, ಇದನ್ನು ಪ್ರಕಟಿಸಿದವರ ಮೂಲಕ ನನಗೆ ಒಂದು ಸಾಲು ಬರೆಯಿರಿ. ಫೋಟೋ ಇದ್ದರೆ ಅಳಿಸಿ, ಅಳಿಸಿದ್ದೇನೆ ಎಂದು ಬರೆಯಿರಿ. ತೆಗೆದಿಲ್ಲವಾದರೆ ತೆಗೆದಿಲ್ಲ ಎಂದಷ್ಟೇ ಬರೆದರೂ ಸಾಕು. ಹೆಸರು ಬೇಡ. ಪ್ರತಿ ಭಾನುವಾರ ಅಕ್ಕ ಫೋನು ಮಾಡಿ "ಇನ್ನಾ ಎಷ್ಟು?" ಎಂದು ಕೇಳುತ್ತಾರೆ. ಈ ಭಾನುವಾರವೂ ನಾನು ಎಂಟು ಎಂದೇ ಹೇಳಿದ್ದೇನೆ.